ಕಾಲೇಜು ತಂಡಕ್ಕೆ ಯಾರನ್ನು ಆರಿಸಬೇಕು?

ಕಾಲೇಜುಗಳಲ್ಲಿ ಖೋ ಖೋ ತಂಡದ ಆಯ್ಕೆ ಶುರುವಾದರೆ ಎಲ್ಲರ ಕಣ್ಣು ಮೊದಲು ಹೋಗುವುದು ಸರ್ಟಿಫಿಕೇಟ್ ಫೈಲಿನ ಮೇಲೆ, ಆಮೇಲೆ ಓಟದ ವೇಗದ ಮೇಲೆ. ನನಗೆ ಮುಖ್ಯ ಅನಿಸುವುದು ಸಾಲಿನಲ್ಲಿ ಕೂತವರು. ಬೆನ್ನಟ್ಟುವ ತಂಡದಲ್ಲಿ ಒಬ್ಬರು ಓಡುವಾಗ ಎಂಟು ಮಂದಿ ಕೂತಿರುತ್ತಾರೆ. ಆ ಹೊತ್ತಲ್ಲೂ ಹಿಮ್ಮಡಿ ಎತ್ತಿ, ಬೆರಳು ನೆಲಕ್ಕೂರಿ, ಬೆನ್ನ ಹಿಂದಿನ ಹೆಜ್ಜೆ ಸದ್ದಿಗೆ ಕಿವಿಗೊಟ್ಟು ಕಾಯುವ ಹುಡುಗಿ ಇದ್ದಾಳಲ್ಲ, ಅವಳನ್ನು ಕಣ್ಣುಮುಚ್ಚಿ ತಂಡಕ್ಕೆ ತೆಗೆದುಕೊಳ್ಳಬಹುದು. ಒಂದೇ ದಿನದ ಟ್ರಯಲ್ಸ್‌ನಲ್ಲಿ ಇದು ತಿಳಿಯುವುದಿಲ್ಲ. ಎರಡು ವಾರ ಬೆಳಗಿನ ಅಭ್ಯಾಸ ನಡೆಸಿ, ಮಂಡಿ ತರಚಿದ ಮರುದಿನವೂ ಯಾರು ಬರುತ್ತಾರೆ ಎಂದು ನೋಡಬೇಕು.

ಫೈಲು ದಪ್ಪ ಇಲ್ಲದ ಮಕ್ಕಳು ಹಳ್ಳಿಗಳಲ್ಲಿ ಬಹಳ ಇದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ, ಅಂಥದ್ದೇ ಒಂದು ಹಳ್ಳಿಯಿಂದ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನಿಂದ ಬಂದವರು.

ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ಒಂದು ವಿನಂತಿ: ಮಕ್ಕಳು ಅರ್ಜಿ ಹಿಡಿದು ಬರಲಿ ಎಂದು ಕಾಯಬೇಡಿ. ತಾಲ್ಲೂಕು ಮಟ್ಟದ ಪಂದ್ಯಗಳಿಗೆ ನೀವೇ ಹೋಗಿ. ಸೋತ ತಂಡಗಳ ಆಟವನ್ನೂ ಕೊನೆಯವರೆಗೆ ನೋಡಿ. ಸೀಟಿನ ಜೊತೆಗೆ ಹಾಸ್ಟೆಲ್, ಊಟದ ಮಾತನ್ನೂ ಅಪ್ಪ ಅಮ್ಮನ ಎದುರೇ ಆಡಿ ಬನ್ನಿ.