ನಾವು ಲೆನ್ಸು ಕೊಂಡ ವೃತ್ತಾಂತ

ಈ ಸ್ಮರಣ ಸಂಚಿಕೆಯ ಸಮಿತಿಯವರು ಹಳೆಯ ವಿದ್ಯಾರ್ಥಿನಿಯರಾದ ನಮ್ಮ ಮೂವರನ್ನು ಕರೆದು, ನಿವೃತ್ತರಾದ ಉಪಾಧ್ಯಾಯಿನಿಯರ ಭಾವಚಿತ್ರಗಳನ್ನು ಒದಗಿಸಿಕೊಡಬೇಕೆಂದು ಹೇಳಿದಾಗ, ಅದು ಒಂದು ವಾರದ ಕೆಲಸವೆಂದೇ ನಾವು ಬಗೆದೆವು. ಸಮೂಹಚಿತ್ರಗಳು ಶಾಲೆಯ ಕಪಾಟಿನಲ್ಲಿ ಬೇಕಾದಷ್ಟಿದ್ದುವು. ಎಲ್ಲರ ಮುಖಗಳೂ ದೊರೆತುವು. ಮೂವತ್ತನಾಲ್ಕು ವರ್ಷ ಗಣಿತವನ್ನು ಕಲಿಸಿದ ನಮ್ಮ ಟೀಚರಮ್ಮನವರ ಮುಖ ಮಾತ್ರ ದೊರೆಯಲಿಲ್ಲ. ಅವರು ಪ್ರತಿಯೊಂದು ಪಟದಲ್ಲಿಯೂ ಹಿಂದಿನ ಸಾಲಿನ ಕೊನೆಯಲ್ಲಿ, ಮತ್ತೊಬ್ಬರ ಭುಜದ ಮರೆಯಲ್ಲಿ, ಮುಖವನ್ನು ಓರೆಮಾಡಿಕೊಂಡು ನಿಂತಿದ್ದರು. ಕಾರಣವು ನಮಗೆ ತಿಳಿಯದುದಲ್ಲ. ಆರನೆಯ ವಯಸ್ಸಿನಲ್ಲಿ ಬಂದ ಸಿಡುಬು ಅವರ ಕೆನ್ನೆಗಳ ಮೇಲೆ ತನ್ನ ಗುರುತನ್ನು ಬಿಟ್ಟುಹೋಗಿತ್ತು. ನಮ್ಮ ದೇಶವು ಆ ರೋಗದಿಂದ ಮುಕ್ತವಾಯಿತೆಂದು ಸಾರಿದುದು 1977ರಲ್ಲಿ; ಈಗಿನ ಮಕ್ಕಳು ಅಂಥ ಮುಖವನ್ನು ಕಂಡೇ ಇರಲಾರರು.

ನಾವು ಅವರ ಮನೆಗೆ ಹೋದೆವು. ಎಂಬತ್ತೆಂಟು ವರ್ಷದ ಆ ತಾಯಿ ಹಾಸಿಗೆ ಹಿಡಿದಿರಲಿಲ್ಲವಾದರೂ ಮನೆಯ ಹೊಸಲು ದಾಟುತ್ತಿರಲಿಲ್ಲ. ನಮ್ಮಲ್ಲೊಬ್ಬಳು ತನ್ನ ಕೈಯಲ್ಲಿದ್ದ ಫೋನನ್ನು ಅವರ ಮುಖದ ಹತ್ತಿರಕ್ಕೆ ಹಿಡಿದು ಪಟವನ್ನು ತೆಗೆದು, ಮರುದಿನ ಅಚ್ಚು ಹಾಕಿಸಿ ತಂದುಕೊಟ್ಟಳು. ಟೀಚರಮ್ಮನವರು ಅದನ್ನು ಒಂದು ಕ್ಷಣ ನೋಡಿ, ಮೇಜಿನ ಮೇಲೆ ಬೋರಲಾಗಿ ಇಟ್ಟರು. ಕಲೆಗಳನ್ನು ಕಂಡು ನೊಂದರೆಂದು ನಾವು ತಿಳಿದೆವು. ದಾರಿಯುದ್ದಕ್ಕೂ ನಾವು ಮೂವರೂ ಮಾತಾಡಲಿಲ್ಲ.

ಆಗ ನಮ್ಮ ಪೈಕಿ ಒಬ್ಬಳು ಒಂದು ಉಪಾಯವನ್ನು ಸೂಚಿಸಿದಳು. ಮುಖವನ್ನು ಮೃದುವಾಗಿ ತೋರಿಸುವ ಮಸೂರಗಳು ಉಂಟೆಂದು ಅವಳು ಓದಿದ್ದಳು. ಮಾತು ನಿಜ. 1935ರಲ್ಲಿ ಜರ್ಮನಿಯ ಲೈಟ್ಸ್ ಕಂಪೆನಿಯವರು ಥಂಬಾರ್ ಎಂಬ 90 ಮಿಲಿಮೀಟರಿನ ಮಸೂರವನ್ನು ಹೊರತಂದರು. ಅದರ ಮುಂದೆ ಹಾಕುವ ಗಾಜಿನ ನಡುವೆ ಒಂದು ಸಣ್ಣ ಬಿಲ್ಲೆ. ಅದು ನಡುಗಿರಣಗಳನ್ನು ತಡೆದು ಅಂಚಿನ ಕಿರಣಗಳನ್ನು ಮಾತ್ರ ಬಿಡುವುದರಿಂದ ಚಿತ್ರದ ಮೇಲೆ ಮಂಜಿನಂಥ ಹೊಳಪು ಹರಡಿ, ಸುಕ್ಕು ಕಲೆಗಳು ಕರಗಿದಂತೆ ತೋರುವುವು. ಇದನ್ನು 2017ರಲ್ಲಿ ಮತ್ತೆ ತಯಾರಿಸಿದರು. ಬೆಲೆ ನಮ್ಮಂಥವರು ವಿಚಾರಿಸುವಂಥದಲ್ಲ. ಆದರೂ ಮಸೂರಗಳ ವಿಷಯವನ್ನು ಓದುವುದು ನಮಗೆ ಒಂದು ಚಟವಾಯಿತು. ಮನುಷ್ಯರ ಮುಖಕ್ಕೆಂದೇ ಲೆಕ್ಕ ಹಾಕಿ ಮಾಡಿದ ಮೊದಲ ಮಸೂರವು 1840ರದು. ವಿಯೆನ್ನಾದ ಗಣಿತಶಾಸ್ತ್ರಜ್ಞ ಯೋಸೆಫ್ ಪೆಟ್ಸ್ವಾಲ್ ಅದನ್ನು ರಚಿಸಿದನು. ಅದಕ್ಕೆ ಹಿಂದಿನ ಮಸೂರಗಳು ಬೆಳಕನ್ನು ಎಷ್ಟು ಜಿಪುಣತನದಿಂದ ಒಳಬಿಡುತ್ತಿದ್ದುವೆಂದರೆ, ಜನರು ನಿಮಿಷಗಟ್ಟಲೆ ಕಲ್ಲಿನಂತೆ ಕುಳಿತಿರಬೇಕಾಗಿತ್ತು. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬಾಕೆಯು 1863ರಲ್ಲಿ, ನಾಲ್ವತ್ತೆಂಟನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಕೊಟ್ಟ ಕ್ಯಾಮರಾದಿಂದ ಮುಖಚಿತ್ರಗಳನ್ನು ತೆಗೆಯಲು ತೊಡಗಿದಳೆಂದು ಓದಿ ನಮಗೆ ಧೈರ್ಯ ಬಂದಿತು. ನಮ್ಮ ವಯಸ್ಸನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಹೀಗೆ ಪಂಡಿತರಾಗಿ ನಾವು ಮತ್ತೆ ಟೀಚರಮ್ಮನವರಲ್ಲಿಗೆ ಹೋಗಿ, "ಅಮ್ಮಾ, ಈ ಸಾರಿ ಕಲೆಗಳು ಕಾಣದ ಹಾಗೆ ತೆಗೆಯುತ್ತೇವೆ" ಎಂದು ಅಳುಕುತ್ತ ವಿಜ್ಞಾಪಿಸಿದೆವು.

"ಕಲೆ ಎಲ್ಲಿತ್ತಮ್ಮಾ ಅದರಲ್ಲಿ?" ಎಂದರು ಅವರು. ಪಟವನ್ನು ಹಿಂದಿರುಗಿಸಿ ನೋಡಿದರೆ ಅವರ ಮಾತೇ ಸರಿ. ಆ ಫೋನು ಯಾರ ಅಪ್ಪಣೆಯನ್ನೂ ಕೇಳದೆ ಕೆನ್ನೆಗಳನ್ನು ನುಣುಪು ಮಾಡಿಬಿಟ್ಟಿತ್ತು. "ಇದು ನಾನಲ್ಲ. ಅಲ್ಲದೆ ಮೂಗು ತಪ್ಪಾಗಿದೆ. ಎಷ್ಟು ದೂರದಿಂದ ತೆಗೆದಿರಿ?"

ಒಂದೂವರೆ ಅಡಿಯೆಂದೆವು. ಅವರು ಪೆನ್ಸಿಲು ಕಾಗದಗಳನ್ನು ತರಿಸಿದರು. ನಾವು ಎಂಟನೆಯ ತರಗತಿಯ ಬೆಂಚಿನಲ್ಲಿ ಕುಳಿತಂತಾಯಿತು. ಮೂಗಿನ ತುದಿ ಹದಿನೆಂಟು ಅಂಗುಲ ದೂರದಲ್ಲಿದ್ದು, ಕಿವಿಯು ಅದಕ್ಕೆ ಐದು ಅಂಗುಲ ಹಿಂದೆ ಇರುವುದಾದರೆ, ದೂರಗಳ ಪ್ರಮಾಣವು 18ಕ್ಕೆ 23. ಹತ್ತಿರವಿದ್ದುದು ದೊಡ್ಡದಾಗಿ ಕಾಣುವುದರಿಂದ, ಕಿವಿಗೆ ಹೋಲಿಸಿದರೆ ಮೂಗು ನೂರಕ್ಕೆ ಇಪ್ಪತ್ತೆಂಟು ಪಾಲು ಉಬ್ಬಿತು. ಆರು ಅಡಿ ಹಿಂದಕ್ಕೆ ನಿಂತರೆ ಪ್ರಮಾಣವು 72ಕ್ಕೆ 77. ಉಬ್ಬು ಏಳು ಪಾಲಿಗೆ ಇಳಿಯಿತು. "ತಪ್ಪು ಗಾಜಿನದಲ್ಲ, ನಿಂತ ಜಾಗದ್ದು" ಎಂದು ಅವರು ಕಾಗದವನ್ನು ನಮ್ಮ ಕಡೆಗೆ ತಳ್ಳಿದರು. ಎಷ್ಟೋ ಪುಸ್ತಕಗಳು ಉದ್ದ ಮಸೂರವು ಮುಖಕ್ಕೆ ಚೆಲುವೆಂದು ಹೇಳಿ ಸುಮ್ಮನಾಗುವುವು. ಉದ್ದ ಮಸೂರದಿಂದ ಆಗುವುದಿಷ್ಟೇ: ದೂರ ನಿಂತರೂ ಮುಖವು ಚೌಕಟ್ಟನ್ನು ತುಂಬುವುದು.

"ಹಾಗಾದರೆ ಕಲೆಗಳು?" ಎಂದು ಮೃದು ಮಸೂರದ ಪಕ್ಷದವಳು ಬಿಡದೆ ಕೇಳಿದಳು. "ಇರಲಿ" ಎಂದರು. "ಅಷ್ಟು ವರ್ಷ ಹಿಂದಿನ ಸಾಲಿನಲ್ಲಿ ನಿಂತಿರಲ್ಲಾ?" ಎಂದು ನಾವು ಕೇಳಬಾರದಾಗಿತ್ತು, ಕೇಳಿಬಿಟ್ಟೆವು. ಅವರು ಕಿಟಕಿಯ ಕಡೆ ನೋಡಿ, "ಆಗಿನ ಮಾತು ಬೇರೆ" ಎಂದಷ್ಟೇ ಹೇಳಿದರು.

ಅಂಗಡಿಯವನು 85 ಮಿಲಿಮೀಟರಿನದನ್ನೇ ಕೊಳ್ಳಿರೆಂದು ಒತ್ತಾಯ ಮಾಡಿದನು. ಮುಖಚಿತ್ರಕ್ಕೆ ಅದು ಹೆಸರಾದುದು ನಿಜ. ಆದರೆ ಆ ಹೆಸರು 36 ಮಿಲಿಮೀಟರು ಅಗಲದ ಪೂರ್ಣ ಚೌಕಟ್ಟಿನ ಕ್ಯಾಮರಾಗಳಿಂದ ಬಂದುದು. ನಾವು ಎರವಲು ತಂದ ಕ್ಯಾಮರಾದ ಚೌಕಟ್ಟು ಅದಕ್ಕಿಂತ ಕಿರಿದು. ಅದರಲ್ಲಿ 50 ಮಿಲಿಮೀಟರಿನ ಮಸೂರವೇ ಪೂರ್ಣ ಚೌಕಟ್ಟಿನ 75ರಷ್ಟು ನೋಟವನ್ನು ಕೊಡುವುದು. ಮೇಲಾಗಿ ಟೀಚರಮ್ಮನವರ ಕೋಣೆಯು ಹತ್ತು ಅಡಿ ಉದ್ದ. ಮಂಚವನ್ನೂ ಕುರ್ಚಿಯನ್ನೂ ಕಳೆದರೆ ನಮಗೆ ಹಿಂದೆ ಸರಿಯಲು ಉಳಿಯುವುದು ಆರೇಳು ಅಡಿ. ಅಲ್ಲಿಂದ 85ರಲ್ಲಿ ಮುಖವೂ ಭುಜಗಳೂ ಮಾತ್ರವೇ ಚೌಕಟ್ಟನ್ನು ಆವರಿಸುವುವು. 50ರಲ್ಲಿ ಮುಖ, ಭುಜ, ಮಡಿಲಲ್ಲಿಟ್ಟ ಕೈಗಳ ಮೇಲುಭಾಗ ಸಹ ಬರುವುವು. ಬೆಲೆಯೂ ಬಹಳ ಕಡಿಮೆ. 50ನ್ನೇ ಕೊಂಡೆವು. ಅಂಗಡಿಯವನು ಮುಖವನ್ನು ಸಣ್ಣಗೆ ಮಾಡಿಕೊಂಡು ರಸೀತಿ ಬರೆದನು.

ಅದರ ರಂಧ್ರವು 1.8ರವರೆಗೆ ತೆರೆಯುವುದು. ಹೊಸ ಒಡವೆಯಾದ್ದರಿಂದ ನಾವು ಪೂರ್ತಿ ತೆರೆದೇ ಮೊದಲ ಪಟವನ್ನು ತೆಗೆದೆವು. ಆರು ಅಡಿ ದೂರದಲ್ಲಿ ಅದು ಸ್ಫುಟವಾಗಿ ಹಿಡಿಯುವ ಆಳವು ಸುಮಾರು ನಾಲ್ಕು ಅಂಗುಲ ಮಾತ್ರ. ಅವರು ಸ್ವಲ್ಪ ಮಿಸುಕಿದರೂ ಒಂದು ಕಣ್ಣು ನಿಚ್ಚಳ, ಒಂದು ಮಸುಕು. ರಂಧ್ರವನ್ನು 2.8ಕ್ಕೆ ಕಿರಿದುಮಾಡಿದಾಗ ಆಳವು ಆರು ಅಂಗುಲವಾಯಿತು. ಹತ್ತಿರದ ಕಣ್ಣಿಗೆ ಗುರಿಯಿಟ್ಟು ತೆಗೆದೆವು. ದೀಪ ಹಾಕಲಿಲ್ಲ. ಉತ್ತರದ ಕಿಟಕಿಯ ಬೆಳಕು ಎಡಗೆನ್ನೆಯ ಮೇಲೆ ಓರೆಯಾಗಿ ಬೀಳುತ್ತಿತ್ತು. ಓರೆ ಬೆಳಕು ಪ್ರತಿಯೊಂದು ಕುಳಿಯನ್ನೂ ಎತ್ತಿ ತೋರಿಸುವುದೆಂಬುದು ನಮಗೆ ಗೊತ್ತಿತ್ತು. ಮೃದು ಮಸೂರದವಳು ಪರದೆಯನ್ನು ಎಳೆಯಲು ಕೈ ಚಾಚಿದಳು. ಟೀಚರಮ್ಮನವರು ಬೇಡವೆಂದು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿಯೇ ಎರಡು ಪಟಗಳು ಕೆಟ್ಟುವು.

ಅಚ್ಚಾದ ಪಟವನ್ನು ಕೈಗೆ ಕೊಟ್ಟಾಗ ಅವರು ಅಕ್ಷರ ಓದುವ ಭೂತಗಾಜನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದರು. ತುಟಿಗಳು ಅಲುಗುತ್ತಿದ್ದುವು. ಪ್ರಾರ್ಥಿಸುತ್ತಿರುವರೋ ಎಂದುಕೊಂಡೆವು, ಎಣಿಸುತ್ತಿದ್ದರು. "ಎಡಗಡೆ ಹನ್ನೊಂದು. ಸರಿ" ಎಂದು ಹೇಳಿ, ಪಟದ ಹಿಂಬದಿಯಲ್ಲಿ ಕೆಂಪು ಪೆನ್ಸಿಲಿನಿಂದ, ಹಿಂದೆ ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಅಪರೂಪವಾಗಿ ಬೀಳುತ್ತಿದ್ದ ಆ ಗುರುತನ್ನು ಹಾಕಿದರು. ಇನ್ನೊಂದು ಪ್ರತಿ ತಮ್ಮ ತಂಗಿಗೆ ಬೇಕೆಂದರು.

ಆ ಪಟವನ್ನೇ ಸಮಿತಿಯವರಿಗೆ ಒಪ್ಪಿಸಿದ್ದೇವೆ. ಈ ಸಂಚಿಕೆಯಲ್ಲಿ ಹನ್ನೊಂದಕ್ಕಿಂತ ಕಡಿಮೆ ಕಂಡರೆ ಅದು ಮುದ್ರಣದ ದೋಷವೆಂದು ವಾಚಕರು ತಿಳಿಯಬೇಕು, ಮಸೂರದ್ದಲ್ಲ.