ಮೆಟ್ಟಿಲ ಮೇಲಿನ ಸಿಲಿಂಡರ್

ಮೊಳಕಾಲ್ಮೂರು
ಭಾನುವಾರ ರಾತ್ರಿ

ಪುಟ್ಟಿ,

ಊರು ಸೇರಿದೆ. ನೀನು ಕಟ್ಟಿಕೊಟ್ಟ ಚಿತ್ರಾನ್ನ ಹಿರಿಯೂರು ದಾಟುವಷ್ಟರಲ್ಲಿ ಮುಗಿಯಿತು. ನಿನ್ನ ಪಿಜಿಯ ಮೆಟ್ಟಿಲು ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ನಾಲ್ಕನೇ ಮಹಡಿಯಿಂದ ಇಳಿಯುತ್ತಾ ಎಣಿಸಿದೆ: ಎರಡು ಸಿಲಿಂಡರ್, ಏಳು ನೀರಿನ ಕ್ಯಾನು, ಮುರಿದ ಮಂಚ. ಒಬ್ಬರು ಹತ್ತಿ ಬಂದರೆ ಇಳಿಯುವವರು ಗೋಡೆಗೆ ಅಂಟಿ ನಿಲ್ಲಬೇಕು. ಹಿಂದಿನ ಬಾಗಿಲಿಗೆ ಬೀಗ. ಕಳ್ಳರ ಭಯಕ್ಕೆ ಅಂದೆ ನೀನು.

ಆ ಬೀಗ ಕಂಡು ಹಳೆಯದೊಂದು ನೆನಪಾಯಿತು. 2010ರ ಫೆಬ್ರುವರಿ 23. ನೀನಾಗ ಮೂರನೇ ಕ್ಲಾಸು. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಿದ್ದನ್ನು ಮಗ್ಗ ಬಿಟ್ಟೆದ್ದು ಟೀವಿಯಲ್ಲಿ ನೋಡಿದ್ದೆ. ಕಟ್ಟಡದ ತುಂಬ ಹೊಗೆ, ಹೊರಹೋಗುವ ಬಾಗಿಲಿಗೆ ಬೀಗ. ಜನ ಕಿಟಕಿ ಗಾಜು ಒಡೆದು ಹಾರಿದರು. ಒಂಬತ್ತು ಜೀವ ಹೋಯಿತು, ಕೆಲವರದು ಹೊಗೆಗೆ, ಕೆಲವರದು ಬಿದ್ದು. ಅಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಆಮೇಲೆ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ, ಬೆಂಕಿ ಸುರಕ್ಷತೆಗಾಗಿ ದುಡಿಯುತ್ತಾ ಬಂದಿದ್ದಾರೆ. ಅವರನ್ನು ನೆನೆದಾಗೆಲ್ಲ ನಿನ್ನ ಮುಖ ಎದುರು ಬರುತ್ತದೆ.

ನಿಮ್ಮ ತಾತ ಕುಣಿ ಮಗ್ಗದಲ್ಲಿ ನೇಯುವಾಗ ಕುಣಿಯಿಂದ ಹೊಸಿಲವರೆಗೆ ಕಂಡಿಕೆ ಬುಟ್ಟಿಯನ್ನೂ ಇಡಗೊಡುತ್ತಿರಲಿಲ್ಲ. ಕುಣಿಯೊಳಗೆ ಕಾಲಿಳಿಬಿಟ್ಟು ಕೂತವನಿಗೆ ಎದ್ದು ಬರಲೇ ಹೊತ್ತು ಹಿಡಿಯುತ್ತದೆ. ಲಾಳಿ ಬದಿಗಿಟ್ಟು, ಎರಡೂ ಕೈ ಅಂಚಿಗೆ ಊರಿ, ಮೈ ಎತ್ತಬೇಕು. ಅಷ್ಟಾದ ಮೇಲೂ ಎಡವಬೇಕಾ ಅನ್ನುತ್ತಿದ್ದ.

ಅವನ ಮಗನಾಗಿ ನಾನೇ ಮರೆತಿದ್ದೆ ನೋಡು. ನಮ್ಮ ಹಿತ್ತಿಲ ಬಾಗಿಲಿಗೆ ಶೇಂಗಾ ಚೀಲ ಒಟ್ಟಿ ಎರಡು ವರ್ಷವಾಗಿತ್ತು. ಇವತ್ತು ನಿನ್ನಮ್ಮನೂ ನಾನೂ ಎಲ್ಲ ಎಳೆದು ಹಾಕಿದೆವು. ಅಗುಳಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಗುಂಡುಕಲ್ಲಿನಿಂದ ತಟ್ಟಿ ತಟ್ಟಿ, ಅರ್ಧ ಗಂಟೆ ಬಿಟ್ಟು ಅಲುಗಿತು. ಹೊಗೆ ತುಂಬಿದ ಮನೆಯಲ್ಲಿ ಅರ್ಧ ಗಂಟೆ ಯಾರು ಕೊಡುತ್ತಾರೆ?

ನೀನು ಓನರ್ ಹತ್ತಿರ ಮಾತಾಡು. ಆ ಬೀಗ ತೆಗೆಸಿ, ಒಳಗಿಂದ ಕೀಲಿಯಿಲ್ಲದೆ ತೆರೆಯುವ ಚಿಲಕ ಹಾಕಿಸಲಿ. ಮಂಚ, ಸಿಲಿಂಡರ್ ಇಳಿಸಲಿ. ಕ್ಯಾನುಗಳನ್ನು ನೀವು ಹುಡುಗಿಯರೇ ಒಳಗೆ ತೆಗೆದುಕೊಳ್ಳಿ. ಒಂದು ರಾತ್ರಿ ದೀಪ ಆರಿಸಿ, ಗೋಡೆ ಹಿಡಿದು ಕೆಳಗಿನವರೆಗೆ ಇಳಿದು ನೋಡಿ. ಹೊಗೆ ಕಂಡರೆ ಲಿಫ್ಟ್ ಹತ್ತಿರ ಹೋಗಬೇಡ. ನೆಲಕ್ಕೆ ಬಗ್ಗಿ ನಡೆ, ಉಸಿರಾಡುವ ಗಾಳಿ ಕೆಳಗಿರುತ್ತದೆ. ಓನರ್ ಒಪ್ಪದಿದ್ದರೆ ಬೇರೆ ಕಡೆ ನೋಡು, ಅಡ್ವಾನ್ಸ್ ಹೋದರೆ ಹೋಗಲಿ. ಒಂದು ಸೀರೆ ಹೆಚ್ಚಿಗೆ ನೇಯುತ್ತೇನೆ.

ಬುಧವಾರ ಫೋನ್ ಮಾಡುತ್ತೇನೆ. ಬೀಗ ಏನಾಯಿತು ಹೇಳು.

ನಿನ್ನ ಅಪ್ಪ