ಬಾಣಲೆಯ ಕಿವಿಗೊಂದು ಹಿಡಿಬಟ್ಟೆ

ಬಿಸಿ ಪಾತ್ರೆ ಇಳಿಸುವುದಕ್ಕೆ ನಮ್ಮ ಅಡುಗೆಮನೆಗಳಲ್ಲಿ ನೂರೆಂಟು ಉಪಾಯಗಳಿವೆ. ಅನ್ನದ ತಪ್ಪಲೆಗೆ ಇಕ್ಕಳ, ಅದು ಕೈಗೆ ಸಿಗದಿದ್ದರೆ ಹಳೇ ಪಂಚೆ ಹರಿದು ಮಾಡಿಕೊಂಡ ಮಸಿಬಟ್ಟೆ, ಅದೂ ಇಲ್ಲದಿದ್ದರೆ ಸೊಂಟಕ್ಕೆ ಸಿಕ್ಕಿಸಿದ ಸೆರಗು. ಇಕ್ಕಳ ಒಳ್ಳೆಯ ಸಾಧನ, ಅದರ ಬಗ್ಗೆ ತಕರಾರಿಲ್ಲ. ಆದರೆ ಅದು ಕಚ್ಚಿ ಹಿಡಿಯುವುದು ಪಾತ್ರೆಯ ಅಂಚನ್ನು. ಕಬ್ಬಿಣದ ಬಾಣಲೆಯ ಕಿವಿ, ಇಡ್ಲಿ ಪಾತ್ರೆಯ ಮುಚ್ಚಳ, ಓವನ್ನಿನಿಂದ ಈಚೆ ತೆಗೆಯುವ ತಟ್ಟೆ ಎಂದರೆ ಅದರ ಕೆಲಸ ಮುಗಿಯಿತು. ಅಲ್ಲಿ ಬೇಕಾದದ್ದು ಅಂಗೈ ತುಂಬುವಂಥ, ದಪ್ಪನೆಯ, ಒಣಗಿದ ಬಟ್ಟೆ. ಒಣಗಿರಲೇಬೇಕು ಎಂದು ಒತ್ತಿ ಹೇಳುತ್ತೇನೆ. ಕಟ್ಟೆ ಒರೆಸಿದ ಒದ್ದೆ ಬಟ್ಟೆಯಲ್ಲೇ ಬಾಣಲೆ ಹಿಡಿಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ದಾರದ ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮ ಕೈಯನ್ನು ಕಾಯುವುದು. ಆ ಜಾಗದಲ್ಲಿ ನೀರು ಕೂತರೆ, ಗಾಳಿಗಿಂತ 20 ಪಟ್ಟಿಗೂ ಹೆಚ್ಚಾಗಿ ಅದು ಶಾಖವನ್ನು ಹಾಯಿಸುತ್ತದೆ. ಹಬೆ ಚುರ್ ಎನ್ನುವಷ್ಟರಲ್ಲಿ ಒಗ್ಗರಣೆ ಸಮೇತ ಬಾಣಲೆ ಕೈಬಿಟ್ಟಿರುತ್ತದೆ.

ಕ್ರೋಶಾ ಕಲಿಯಬೇಕು ಎನ್ನುವವರು ಯಾರೇ ಬಂದು ಕೇಳಲಿ, ಮೊದಲು ಈ ಹಿಡಿಬಟ್ಟೆ ಹೆಣೆಯಿರಿ ಎನ್ನುತ್ತೇನೆ. ಬಹಳಷ್ಟು ಜನಕ್ಕೆ ಇದು ರುಚಿಸುವುದಿಲ್ಲ. ನಮ್ಮಲ್ಲಿ ಕ್ರೋಶಾ ಎಂದರೆ ಕಣ್ಣ ಮುಂದೆ ಬರುವುದು ಬಾಗಿಲ ತೋರಣ, ಟಿ.ವಿ.ಯ ಮೇಲಿನ ಹೊದಿಕೆ, ಟೀಪಾಯಿಯ ನಡುವೆ ಹರಡಿದ ಬಿಳಿ ಚಕ್ರ, ಹಾಲಿನ ಲೋಟಕ್ಕೆ ಮುಚ್ಚುವ ಮಣಿ ಪೋಣಿಸಿದ ಜಾಲರಿ. ಅವೆಲ್ಲ ಸೊಗಸೇ. ಆದರೆ ಅಂಥದ್ದು ಮೂಡಬೇಕಾದರೆ ಸೂಕ್ಷ್ಮ ದಾರ, ಅದಕ್ಕಿಂತ ಸೂಕ್ಷ್ಮವಾದ ಉಕ್ಕಿನ ಕಡ್ಡಿ, ಪಳಗಿದ ಕೈ ಬೇಕು. ಹಿಡಿಬಟ್ಟೆಗೆ ಇದ್ಯಾವುದೂ ಬೇಡ. ಒಂದು ಕುಣಿಕೆ ಬಿಗಿ, ಒಂದು ಸಡಿಲ ಆಗಿದ್ದರೂ ಅದು ಬಾಣಲೆ ಇಳಿಸುತ್ತದೆ. ಹೊಸಬರ ಹೆಣಿಗೆ ಸಾಮಾನ್ಯವಾಗಿ ಮಂದವಾಗಿ, ಗಟ್ಟಿಯಾಗಿ ಬರುತ್ತದಲ್ಲ, ಇಲ್ಲಿ ಅದೇ ಗುಣ.

ದಾರದ ವಿಷಯಕ್ಕೆ ಮಾತ್ರ ರಾಜಿ ಇಲ್ಲ. ಅಂಗಡಿಗೆ ಹೋಗಿ ಉಲ್ಲನ್ ಕೊಡಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಅಕ್ರಿಲಿಕ್. ಬಣ್ಣ ಚೆಂದ, ಮುಟ್ಟಿದರೆ ಮೆತ್ತಗೆ, ಮಗುವಿನ ಟೋಪಿಗೆ ಒಪ್ಪುತ್ತದೆ. ಕಾದ ಕಬ್ಬಿಣಕ್ಕೆ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹಿಡಿಬಟ್ಟೆಗೆ ಬೇಕಾದದ್ದು ಶುದ್ಧ ಹತ್ತಿ ದಾರ. ಲೇಬಲ್ ಇಲ್ಲದ ಉಂಡೆ ಮನೆಯಲ್ಲಿದ್ದರೆ ಪರೀಕ್ಷೆ ಸುಲಭ. ಬೆರಳುದ್ದದ ತುಂಡು ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ನೋಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬರುತ್ತದೆ, ಬೆರಳಲ್ಲಿ ಉಜ್ಜಿದರೆ ಬೂದಿ ಪುಡಿಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಮುದುರಿ, ಕರಗಿ, ತುದಿಯಲ್ಲಿ ಕರೀ ಮಣಿಯಂತೆ ಗಟ್ಟಿಯಾಗುತ್ತದೆ. ಆರುವ ಮೊದಲು ಆ ಮಣಿಯನ್ನು ಮುಟ್ಟಬೇಡಿ.

ಕಡ್ಡಿ 4 ಮಿಲಿಮೀಟರಿನದು ಸಾಕು, ದಾರ ದಪ್ಪವಿದ್ದರೆ 5. ಅದನ್ನು ಪೆನ್ಸಿಲಿನ ಹಾಗೆ ಹಿಡಿಯುವವರಿದ್ದಾರೆ, ಚಾಕುವಿನ ಹಾಗೆ ಹಿಡಿಯುವವರಿದ್ದಾರೆ, ಎರಡೂ ಸರಿ. ಕಲಿಯಬೇಕಾದದ್ದು ಎಡಗೈಯ ಕೆಲಸ. ತೋರುಬೆರಳ ಮೇಲಿಂದ ದಾರ ಹಾಯಬೇಕು, ಕಿರುಬೆರಳು ಅದನ್ನು ಹದವಾಗಿ ತಡೆಯಬೇಕು. ನನಗೆ ಹೇಳಿಕೊಟ್ಟ ಸೋದರತ್ತೆ ಬಲಗೈಯ ಕಡೆ ನೋಡುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕೂತು ನನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ದಾರ ಎಲ್ಲೂ ಓಡಿಹೋಗಲ್ಲ ಕಣೇ, ಹರಿಯೋಕೆ ಬಿಡು" ಎನ್ನುತ್ತಿದ್ದಳು. ಜಾರುಗಂಟು ಹಾಕಿ, ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನು. ಮತ್ತೆ ಎಳೆದರೆ ಇನ್ನೊಂದು. ಆ ಚೈನುಗಳ ಸಾಲು ಎಳೆ ಹುಡುಗಿಯ ಬಿಗಿ ಜಡೆಯಂತೆ ಮಡಿಲಿಗೆ ಇಳಿಯುತ್ತಾ ಹೋಗುವುದನ್ನು ನೋಡುವುದೇ ಒಂದು ಸುಖ. ಎಷ್ಟೋ ಜನ ಮೊದಲ ದಿನ ಬರೀ ಚೈನು ಹಾಕುತ್ತಾ ಕೂರುತ್ತಾರೆ. ಕೂರಲಿ ಬಿಡಿ, ಕೈಗೆ ಹದ ಬರುವುದು ಹಾಗೆಯೇ.

ಮುಂದಿನದು ಸಿಂಗಲ್ ಕ್ರೋಶಾ. ಚೈನಿನೊಳಗೆ ಕಡ್ಡಿ ತೂರಿಸಿ ದಾರ ಎಳೆದುಕೊಂಡರೆ ಕಡ್ಡಿಯ ಮೇಲೆ ಎರಡು ಕುಣಿಕೆ. ದಾರವನ್ನು ಮತ್ತೊಮ್ಮೆ ಸಿಕ್ಕಿಸಿ ಎರಡರೊಳಗಿಂದಲೂ ಎಳೆದರೆ ಒಂದು. ಇದಿಷ್ಟು ಗೊತ್ತಿದ್ದರೆ ಹಿಡಿಬಟ್ಟೆಗೆ ಸಾಕು. ಒಂದು ಎಚ್ಚರ: ಅಮೆರಿಕದ ಪುಸ್ತಕಗಳು ಸಿಂಗಲ್ ಎನ್ನುವುದನ್ನೇ ಇಂಗ್ಲೆಂಡಿನ ಪುಸ್ತಕಗಳು ಡಬಲ್ ಎನ್ನುತ್ತವೆ. ನಮ್ಮ ಮನೆಗಳಲ್ಲಿ ಎರಡೂ ಬಗೆಯವು ಇರುವುದರಿಂದ ಹೆಸರನ್ನು ನಂಬದೆ ಚಿತ್ರ ನೋಡಿ. ಎತ್ತರದ ಹೆಣಿಗೆಗಳ ಆಸೆ ಇಲ್ಲಿ ಬೇಡ. ಅವು ಬೇಗ ಬೆಳೆಯುತ್ತವೆ, ನಿಜ, ಆದರೆ ನಡುವೆ ಸಂದು ಬಿಡುತ್ತವೆ. ಸಂದಿನಲ್ಲಿ ಬೆರಳು ಸುಡುತ್ತದೆ.

ಇನ್ನು ನನಗೆ ಬಹಳ ಪ್ರಿಯವಾದ ಭಾಗ. ಹೋಗಿ ತಿರುಗಿ ಬರುವ ಸಾಲುಗಳಲ್ಲಿ ಚೌಕ ಹೆಣೆಯುವುದು ಸಾಮಾನ್ಯ ಕ್ರಮ. ಹೊಸಬರಿಗೆ ಅದರಲ್ಲಿ ಅಂಚಿನ ಕುಣಿಕೆ ಎಲ್ಲಿದೆ ಎಂದು ಕಾಣುವುದಿಲ್ಲ, ಸಾಲಿಗೊಂದರಂತೆ ಕಳೆದುಹೋಗಿ ಚೌಕ ಕಿರಿದಾಗುತ್ತಾ ಹೋಗುತ್ತದೆ. ಅಂಚೇ ಇಲ್ಲದ ದಾರಿ ಒಂದಿದೆ. ಸುಮಾರು 35 ಚೈನು ಹಾಕಿ. ಒಂದು ಬದಿಯಲ್ಲಿ ಸಿಂಗಲ್ ಕ್ರೋಶಾ ಹಾಕುತ್ತಾ ತುದಿ ಮುಟ್ಟಿ. ಅಲ್ಲಿ ಕೆಲಸ ಮಗುಚಬೇಡಿ. ಅದೇ ಚೈನಿನ ಇನ್ನೊಂದು ಬದಿಗೆ ಇಳಿದು ಹಾಕುತ್ತಾ ಹೊರಟಲ್ಲಿಗೆ ಬನ್ನಿ. ಅಲ್ಲಿಂದ ಹೆಚ್ಚಿಸದೆ, ಕಡಿಮೆ ಮಾಡದೆ ಸುತ್ತುತ್ತಲೇ ಇರಿ. ಸುತ್ತು ಶುರುವಾದ ಕಡೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಕೆಲವು ಸುತ್ತು ಕಳೆಯುವಷ್ಟರಲ್ಲಿ ಹೆಣಿಗೆ ಮೇಲಕ್ಕೆದ್ದು ಚಪ್ಪಟೆ ಚೀಲದ ಹಾಗಾಗುತ್ತದೆ. ಕಲಿಯುವವರಿಗೆ ದಿಗಿಲಾಗುವುದು ಇಲ್ಲಿಯೇ: ಚೌಕ ಎಂದಿರಿ, ಇದೇನು ಚೀಲ?

ಚೀಲದ ಎತ್ತರ ಅದರ ಅಗಲದ ಅರ್ಧದಷ್ಟಾದಾಗ ನಿಲ್ಲಿಸಿ. ಅಳತೆಪಟ್ಟಿ ಬೇಕಿಲ್ಲ. ಬಾಯಿಯ ಎಡತುದಿ, ಬಲತುದಿ ಎರಡನ್ನೂ ಹಿಡಿದು ನಡುವಿಗೆ ತನ್ನಿ. ಅವು ಒಂದಕ್ಕೊಂದು ಮುಟ್ಟಿ, ಬಾಯಿ ಅಡ್ಡಕ್ಕೆ ಮುಚ್ಚಿಕೊಂಡರೆ ಎತ್ತರ ಸರಿಯಾಗಿದೆ. ಮುಟ್ಟದಿದ್ದರೆ ಇನ್ನೊಂದೆರಡು ಸುತ್ತು. ಮುಚ್ಚಿಕೊಂಡ ಕ್ಷಣದಲ್ಲೇ ಆ ಚೀಲ ಎರಡು ಪದರದ ಚೊಕ್ಕ ಚೌಕವಾಗಿ ಕೈಯಲ್ಲಿ ಮಲಗಿರುತ್ತದೆ. ಒಂದು ಮುಖದಲ್ಲಿ ಮೊದಲ ಚೈನು ಮೂಲೆಯಿಂದ ಮೂಲೆಗೆ ಓಡಿರುತ್ತದೆ. ಇನ್ನೊಂದು ಮುಖದಲ್ಲಿ ನೀವು ಹೊಲಿಯುವ ಗೆರೆ ಉಳಿದೆರಡು ಮೂಲೆಗಳನ್ನು ಸೇರಿಸುತ್ತದೆ. ಮೊದಲು ಹಾಕಿದ ಚೈನೇ ಈ ಚೌಕದ ಕರ್ಣ, ಹಾಗಾಗಿ 9 ಇಂಚಿನ ಚೈನು ಹಾಕಿದರೆ ಬದಿ 6 ಇಂಚಿಗೆ ತುಸು ಹೆಚ್ಚು. ಶಾಲೆಯಲ್ಲಿ ಪೈಥಾಗರಸನ ಪ್ರಮೇಯ ಕಲಿತವರಿಗೆ ಲೆಕ್ಕ ತಿಳಿಯುತ್ತದೆ, ಕಲಿಯದವರ ಕೈಗೂ ತಿಳಿಯುತ್ತದೆ. ಎಷ್ಟು ಸಲ ಹೆಣೆದಿದ್ದರೂ ಆ ಮಡಿಕೆಯ ಹೊತ್ತಿಗೆ ನನಗೆ ಮತ್ತೆ ಸಂತೋಷವಾಗುತ್ತದೆ.

ಈ ಕೆಲಸವನ್ನು ಹೊತ್ತು ಹೋಗದವರದ್ದು ಎನ್ನುವ ಮಾತು ಕೇಳಿದಾಗ ನೋವಾಗುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಾಗ ಎಷ್ಟೋ ಹೆಂಗಸರು ಮನೆಮಂದಿಯ ಹೊಟ್ಟೆ ತುಂಬಿಸಿದ್ದು ಕ್ರೋಶಾ ಲೇಸು ಮಾರಿ. ನಮ್ಮ ಪಕ್ಕದ ಆಂಧ್ರದ ನರಸಾಪುರದಲ್ಲಿ, ಮಿಷನರಿಗಳಿಂದ ಬಂದ ಇದೇ ವಿದ್ಯೆಯಲ್ಲಿ ಗೋದಾವರಿ ಸೀಮೆಯ ಹೆಂಗಸರು ತಲೆಮಾರುಗಳಿಂದ ಹೊರದೇಶಗಳಿಗೆ ಲೇಸು ಹೆಣೆದಿದ್ದಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಈ ಹೆಂಗಸರ ಬಗ್ಗೆ 1982ರಲ್ಲಿ ಪುಸ್ತಕವನ್ನೇ ಬರೆದರು. ದಿನವಿಡೀ ದುಡಿದರೂ ಅವರನ್ನು ಬಿಡುವಿನಲ್ಲಿ ಏನೋ ಹೆಣೆಯುವ ಗೃಹಿಣಿಯರೆಂದೇ ಎಣಿಸಲಾಗಿತ್ತು, ಕೂಲಿಯೂ ಆ ಲೆಕ್ಕಕ್ಕೆ ತಕ್ಕಂತೆಯೇ ಇತ್ತು ಎಂಬುದು ಅದರ ತಿರುಳು. ಸ್ವೆಟರನ್ನು ಯಂತ್ರ ರಾಶಿ ರಾಶಿಯಾಗಿ ಹೆಣೆದು ಹಾಕುತ್ತದೆ. ಅಂಗಡಿಯಲ್ಲಿ ಕಾಣುವ ನಿಜವಾದ ಕ್ರೋಶಾದ ಹಿಂದೆ ಮಾತ್ರ ಇವತ್ತಿಗೂ ಯಾರದೋ ಎರಡು ಕೈಗಳಿವೆ. ಬೆಲೆ ಕೇಳಿ ಚೌಕಾಸಿ ಮಾಡುವ ಮುನ್ನ ಒಂದು ಹಿಡಿಬಟ್ಟೆಯನ್ನಾದರೂ ಹೆಣೆದು ನೋಡಬೇಕು.

ಹೊಲಿದು ಮುಗಿದ ಮೇಲೆ ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಚೈನು ಹಾಕಿ ತೂಗುಹಾಕುವ ಕುಣಿಕೆ ಮಾಡಿ. ಗೊಂಡೆ, ಜಾಲರಿ ಬೇಡವೇ ಬೇಡ. ಹತ್ತಿ ಕರಗುವುದಿಲ್ಲ, ಆದರೆ ಬೆಂಕಿ ಹೊತ್ತಿಕೊಳ್ಳುತ್ತದೆ; ಜೋತಾಡುವುದೇನೂ ಒಲೆಯ ಹತ್ತಿರ ಇರಬಾರದು. ಸಾರಿನ ಅರಿಶಿನ, ಕಾವಲಿಯ ಜಿಡ್ಡು ಹಿಡಿದಾಗ ಬಿಸಿನೀರು, ಸೋಪಿನಲ್ಲಿ ಉಜ್ಜಿ ಬಿಸಿಲಿಗೆ ಹಾಕಿ. ಎರಡು ಪದರವಿರುವುದರಿಂದ ಹೊರಗೆ ಒಣಗಿದರೂ ಒಳಗೆ ಪಸೆ ಉಳಿದಿರುತ್ತದೆ, ಹಿಂಡಿ ನೋಡಿಯೇ ಒಲೆಯ ಬಳಿಗೆ ತನ್ನಿ. ಚೆಂದ ಬಂದಿದೆ ಎಂದು ಶೋಕೇಸಿಗೆ ಏರಿಸಬೇಡಿ. ಕಲೆಯಾಗಲಿ, ಮಸಿ ಹಿಡಿಯಲಿ, ಅದನ್ನು ಹೆಣೆದದ್ದೇ ಅದಕ್ಕೆ. ಮೊದಲನೆಯದು ಮುಗಿದ ಕೂಡಲೇ ಅದೇ ದಾರದಲ್ಲಿ ಇನ್ನೊಂದಕ್ಕೆ ಚೈನು ಹಾಕಿ, ಬಾಣಲೆಗೆ ಎರಡು ಕಿವಿ.